ಎಲೆಗೆ ನೀರು ಬೀಳಬಾರದು

ಎಣ್ಮಕಜೆ
9 ನವೆಂಬರ್ 2024

ಪ್ರೀತಿಯ ಮೆರ್ಲಿನ್,

ಕಾಗದ ಬರೆಯದೆ ಎಷ್ಟು ಸಮಯವಾಯಿತೋ, ಬೈಯಬೇಡ. ಬರೆಯಬೇಕೆಂದು ಕುಳಿತಾಗಲೆಲ್ಲ ಒಳಗಿನಿಂದ ಯಾವುದಾದರೊಂದು ಕೆಲಸ ಕರೆಯುತ್ತದೆ. ಇವತ್ತು ಕರೆದರೆ ಕರೆಯಲಿ ಎಂದು ಕುಳಿತಿದ್ದೇನೆ, ಯಾಕೆಂದರೆ ನಿನ್ನಿಂದ ಒಂದು ಉಪಕಾರ ಆಗಬೇಕು. ನೀನು ಆ ಸಿಸ್ಟರುಗಳ ಮಠದ ಗೋಡೆಯೊಳಗೆ ಸೇರಿದ ಮೇಲೆ ತರಕಾರಿ ತೋಟ ನೋಡಿಕೊಳ್ಳುವುದೇ ನಿನ್ನ ಕೆಲಸ ಎಂದು ಬರೆದಿದ್ದೆಯಲ್ಲ? ನಮ್ಮ ಟೊಮೆಟೊ ಗಿಡಗಳಿಗೆ ಎಂತದೋ ಬಂದಿದೆ.

ಕೃಷಿ ಭವನದಲ್ಲಿ ಮಣ್ಣು ತುಂಬಿ ಗಿಡ ನೆಡುವ ಗ್ರೋ ಬ್ಯಾಗ್ ಮತ್ತು ಸಸಿ ಕೊಟ್ಟರು. ಅಂಗಳದ ಬದಿಯಲ್ಲಿ ಸಾಲಾಗಿ ಇಟ್ಟಿದ್ದೇನೆ. ಮೊದಲು ಚೆನ್ನಾಗಿಯೇ ಬಂದವು. ಈಗ ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆ, ಚುಕ್ಕೆಯ ಸುತ್ತ ಹಳದಿ, ಆಮೇಲೆ ಎಲೆ ಒಣಗಿ ಜೋತು ಬೀಳುತ್ತದೆ. ಒಂದು ಎಲೆಯನ್ನು ಇದರೊಳಗೆ ಇಟ್ಟಿದ್ದೇನೆ, ನೋಡು.

ಟೊಮೆಟೊ ತಿನ್ನುವ ಆಸೆಯಿಂದ ಕೇಳುತ್ತಿಲ್ಲ. ನನ್ನ ಮಗಳು ಮೋಕ್ಷಿತಾಳ ಸಂಗತಿ ನಿನಗೆ ಗೊತ್ತುಂಟು. ಇಪ್ಪತ್ತೆರಡು ತುಂಬಿತು. ಮಾತಿಲ್ಲ. ಫಿಟ್ಸಿನ ಮಾತ್ರೆ ತಿಂದು ಮಧ್ಯಾಹ್ನದವರೆಗೆ ನಿದ್ದೆ, ಎಚ್ಚರವಾದರೂ ಚಾಪೆ ಬಿಟ್ಟು ಏಳುವವಳಲ್ಲ. ಹೋದ ವರ್ಷ ಯಾರೋ ಕೊಟ್ಟ ಒಂದು ಟೊಮೆಟೊ ಗಿಡವನ್ನು ಅಂಗಳದಲ್ಲಿ ಇಟ್ಟೆ ನೋಡು, ತಾನಾಗಿಯೇ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಅದರ ಪಕ್ಕದಲ್ಲೇ ಕೂತು ಎಲೆ ತಿಕ್ಕಿ ಕೈ ಮೂಸುವುದು, ಅಲ್ಲಿಯೇ ಊಟ. ಆ ಗಿಡ ಹೋಯಿತು. ಇವಳು ತಿರುಗಿ ಚಾಪೆಗೆ ಬಿದ್ದವಳು ಇಡೀ ಮಳೆಗಾಲ ಏಳಲಿಲ್ಲ. ಬಸಳೆ ತೋರಿಸಿದೆ, ಮೆಣಸಿನ ಗಿಡ ತೋರಿಸಿದೆ, ಕಣ್ಣೆತ್ತಿ ಸಹ ನೋಡಲಿಲ್ಲ.

ಈಗ ದಿನಾ ಸಂಜೆ ಅಂಗಳದಲ್ಲಿರುತ್ತಾಳೆ. ಹಾಗಾಗಿ ಈ ಸಲದ ಗಿಡ ಸಾಯಬಾರದು, ಮೆರ್ಲಿನ್. ನನಗೆ ಬೇಕಾದದ್ದು ಅಷ್ಟೇ.

ನಮ್ಮವರು ಉಪ್ಪಳದ ಅಂಗಡಿಯಲ್ಲೇ ಇದ್ದಾರೆ, ಭಾನುವಾರ ಬರುತ್ತಾರೆ. ಮನೆಯಲ್ಲಿ ಅಪ್ಪಿ ಅತ್ತೆಯ ಕಾಲು ಸೋತಿದೆ, ಬಾಯಿ ಸೋತಿಲ್ಲ.

ನಿನ್ನ
ಲೋಲಾಕ್ಷಿ


ಮಠ, ಪುಣೆ ಕಡೆ
24 ನವೆಂಬರ್ 2024

ನನ್ನ ಲೋಲು,

ಮೊದಲು ಜಗಳ. ರೋಗದ ಎಲೆಯನ್ನು ಯಾರಾದರೂ ಲಕೋಟೆಯಲ್ಲಿಟ್ಟು ಕಳಿಸುತ್ತಾರಾ ಮಾರಾಯ್ತಿ? ನಮ್ಮ ಮದರ್ ಲಕೋಟೆ ಒಡೆದಾಗ ಅದು ಪುಡಿಪುಡಿಯಾಗಿ ಮೇಜಿನ ಮೇಲೆಲ್ಲ ಬಿತ್ತು. ಅವರಿಗೆ ಕನ್ನಡ ಬರುವುದಿಲ್ಲ. ಯಾವುದೋ ಪ್ರಸಾದ ಎಂದುಕೊಂಡು ಭಕ್ತಿಯಿಂದ ಒಟ್ಟುಮಾಡಿ ನನ್ನ ಕೈಗೆ ಕೊಟ್ಟರು. ನೋಡಿದವಳೇ ಒಲೆಗೆ ಹಾಕಿ ಕೈ ತೊಳೆದೆ. ನನ್ನ ತೋಟಕ್ಕೆ ಅದು ಹತ್ತಿದರೆ ನೀನು ಬಂದು ನೋಡಿಕೊಳ್ಳುತ್ತೀಯಾ?

ಸುಡುವ ಮೊದಲು ಒಂದು ಚೂರಿನಲ್ಲಿ ಚುಕ್ಕೆ ನೋಡಿದೆ. ಉಂಗುರದೊಳಗೆ ಉಂಗುರ ಉಂಟು. ಅದು ಬೂಷ್ಟು ರೋಗ, ನಮ್ಮ ವಿಜ್ಞಾನ ಮೇಷ್ಟ್ರ ಬಾಯಲ್ಲಿ ಶಿಲೀಂಧ್ರ. ಅದು ಮಣ್ಣಿನಲ್ಲಿ ಮಲಗಿರುತ್ತದೆ. ನೀರು ಹಾಕಿದಾಗ ಮಣ್ಣು ಸಿಡಿದು ಕೆಳಗಿನ ಎಲೆಗೆ ತಾಗುತ್ತದೆ, ಎಲೆ ಒದ್ದೆಯಾಗಿದ್ದರೆ ಅಲ್ಲಿ ಮನೆ ಮಾಡುತ್ತದೆ, ಆಮೇಲೆ ಎಲೆಯಿಂದ ಎಲೆಗೆ ಏಣಿ ಹತ್ತಿದ ಹಾಗೆ ಹತ್ತುತ್ತದೆ. ಹಾಗಾಗಿ ಚುಕ್ಕೆ ಬಿದ್ದ ಎಲೆಗಳನ್ನೆಲ್ಲ ಚಿವುಟಿ ಸುಡು, ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡ. ನೆಲಕ್ಕೆ ತಾಗುವ ಎಲೆಯೇ ಇರಬಾರದು. ಬುಡಕ್ಕೆ ಬೈಹುಲ್ಲು ಹೊದೆಸು, ಗಿಡಕ್ಕೆ ಕೋಲು ಕಟ್ಟು, ಬ್ಯಾಗುಗಳನ್ನು ದೂರ ದೂರ ಇಡು, ನಡುವೆ ಗಾಳಿ ಆಡಲಿ. ಕೊನೆಗೆ ನಿಮ್ಮ ಕಡೆ ಅಡಿಕೆಗೆ ಹೊಡೆಯುವ ಮೈಲುತುತ್ತು ಮತ್ತು ಸುಣ್ಣದ ಮದ್ದು ಉಂಟಲ್ಲ, ಅದನ್ನು ತೆಳುವಾಗಿ ಮಾಡಿಸಿ ಯಾರಿಂದಾದರೂ ಪಂಪಿನಲ್ಲಿ ಹೊಡೆಸು.

ಎಲ್ಲಕ್ಕಿಂತ ಮುಖ್ಯ, ಸಂಜೆ ನೀರು ಬೇಡ. ಬೆಳಿಗ್ಗೆ ಹಾಕು, ಬುಡಕ್ಕೆ ಮಾತ್ರ ಹಾಕು. ಎಲೆಗೆ ನೀರು ಬೀಳಬಾರದು. ಇದೊಂದು ಮಾತು ಕೇಳಿದರೆ ಅರ್ಧ ರೋಗ ಹೋದ ಹಾಗೆ.

ಮುಂದಿನ ವಾರ ಆಗಮನ ಕಾಲ ಶುರು. ನಮ್ಮ ನಿಯಮ ನಿನಗೆ ಗೊತ್ತುಂಟು: ಕ್ರಿಸ್ಮಸ್ ಮೊದಲಿನ ಆಗಮನ ಕಾಲ, ಈಸ್ಟರ್ ಮೊದಲಿನ ತಪಸ್ಸು ಕಾಲ, ಎರಡರಲ್ಲೂ ಕಾಗದ ಬರೆಯುವುದಿಲ್ಲ, ಬಂದದ್ದನ್ನು ಓದುವುದೂ ಇಲ್ಲ. ಕ್ರಿಸ್ಮಸ್ ಕಳೆದ ಮೇಲೆ ಬರೆ. ಮೋಕ್ಷಿತಾಳಿಗೆ ನನ್ನ ಮುತ್ತು.

ಮೆರ್ಲಿನ್


ಎಣ್ಮಕಜೆ
28 ಡಿಸೆಂಬರ್ 2024

ಮೆರ್ಲಿನ್,

ಹಬ್ಬದ ಶುಭಾಶಯ. ಆ ಶಾಸ್ತ್ರ ಮುಗಿಯಿತು, ಈಗ ನನ್ನ ಜಗಳ ಕೇಳು.

ನಿನ್ನ ಮಾತು ನಂಬಿ ನೆರೆಮನೆಯ ವೆಂಕಟಕೃಷ್ಣಣ್ಣನನ್ನು ಕರೆದೆ. ಅವರು ಅಡಿಕೆಗೆ ಹೊಡೆಯುವ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದರು. ಪಂಪಿನ ಶಬ್ದ ಕೇಳಿದ್ದೇ ತಡ, ಕಾಲೆಳೆದು ನಡೆಯುವ ಅಪ್ಪಿ ಅತ್ತೆ ಎಲ್ಲಿಂದ ಹಾರಿ ಬಂದರೋ, ಗಿಡಗಳ ಎದುರು ಕೈ ಅಗಲಿಸಿ ನಿಂತುಬಿಟ್ಟರು. "ಮೊದಲು ನನ್ನ ಮೈಗೆ ಹೊಡಿ, ಆಮೇಲೆ ಗಿಡಕ್ಕೆ" ಎಂದರು. ವೆಂಕಟಕೃಷ್ಣಣ್ಣ, "ಇದು ಬರೀ ಸುಣ್ಣ, ಮೈಲುತುತ್ತು, ಅತ್ತೆ, ಎಂತ ಆಗುವುದಿಲ್ಲ" ಎಂದರು. "ಎಂತ ಆಗುವುದಿಲ್ಲ ಅಂತ ಹೇಳಿದವರನ್ನು ತುಂಬ ಜನ ನೋಡಿದ್ದೇನೆ. ಈ ಅಂಗಳಕ್ಕೆ ಒಂದು ಸಲ ಮದ್ದು ಬಿದ್ದಾಗಿದೆ, ಸಾಕು, ಹೋಗು" ಎಂದರು. ಪಾಪ, ಅವರು ತಲೆ ತಗ್ಗಿಸಿ ಹೋದರು.

ನಾನು ಅತ್ತೆಯ ಪಕ್ಷ. ಗೇರು ತೋಟದ ಮೇಲೆ ಮದ್ದು ಹೊಡೆಯಲು ಹೆಲಿಕಾಪ್ಟರ್ ಬಂದಾಗ ಶಾಲೆಯ ಅಂಗಳದಲ್ಲಿ ನಿಂತು ನಾವಿಬ್ಬರೂ ಕೈ ಬೀಸುತ್ತಿದ್ದೆವು. ನೀನು ನನ್ನ ಹೆಗಲ ಮೇಲೆ ಹತ್ತಿ ಬೀಸಿದ್ದೆ. ಅದೆಲ್ಲ ನಿನಗೆ ಮರೆತೇ ಹೋಯಿತಾ? ಮೋಕ್ಷಿತಾ ಹೀಗಾದದ್ದು ಅದರಿಂದಲೋ ಬೇರೆ ಯಾವುದರಿಂದಲೋ, ನನಗೆ ಹೇಳಿದವರು ಯಾರೂ ಇಲ್ಲ. ಆದರೆ ಹೊಡೆಯುವ ಮದ್ದು ಎಂಬ ಮಾತನ್ನು ಈ ಮನೆಗೆ ಇನ್ನು ಬರೆದು ಕಳಿಸಬೇಡ.

ಉಳಿದದ್ದೆಲ್ಲ ಮಾಡಿದೆ. ಎಲೆ ಚಿವುಟಿದೆ, ಕೋಲು ಕಟ್ಟಿದೆ, ಹುಲ್ಲು ಹೊದೆಸಿದೆ, ಬ್ಯಾಗುಗಳನ್ನು ದೂರ ಎಳೆದಿಟ್ಟು ಸೊಂಟ ಹಿಡಿಯಿತು. ನೀರು ಮಾತ್ರ ಸಂಜೆಯೇ. ಅದು ಬದಲಾಗುವ ಹಾಗಿಲ್ಲ. ಚುಕ್ಕೆ ಈಗ ನಡು ಎಲೆಗಳಿಗೆ ಹತ್ತಿದೆ. ಹೂವು ಬಿಟ್ಟಿದೆ, ಹೂವಿನ ಮೇಲೆ ನನಗೆ ಭರವಸೆ ಇಲ್ಲ.

ನಿಮ್ಮದು ಒಣ ಊರು. ಅಲ್ಲಿಯ ಬುದ್ಧಿ ಇಲ್ಲಿಗೆ ಆಗುತ್ತದೋ ಇಲ್ಲವೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಇಲ್ಲಿ ರಾತ್ರಿ ಹೊರಗೆ ಬಿಟ್ಟ ಬಟ್ಟೆಯೇ ಬೆಳಿಗ್ಗೆ ಮಂಜಿಗೆ ಒದ್ದೆಯಾಗಿರುತ್ತದೆ, ಇನ್ನು ಎಲೆ ಒಣಗುವುದು ಎಲ್ಲಿಂದ?

ಲೋಲಾಕ್ಷಿ


ಮಠ
14 ಜನವರಿ 2025

ನನ್ನ ಲೋಲು,

ತಪ್ಪಾಯಿತು. ನಿನ್ನ ಹೆಗಲು ಮರೆತಿಲ್ಲ. ಕೈ ಬೀಸಿದ್ದೂ ಮರೆತಿಲ್ಲ. ಇಲ್ಲಿ ಆಕಾಶದಲ್ಲಿ ಏನಾದರೂ ಶಬ್ದವಾದರೆ ಈಗಲೂ ನಾನು ತಲೆ ಎತ್ತುವುದಿಲ್ಲ, ಉಳಿದ ಸಿಸ್ಟರುಗಳು ಅದನ್ನು ಭಕ್ತಿ ಎಂದುಕೊಂಡಿದ್ದಾರೆ. ಮದ್ದಿನ ಸುದ್ದಿ ಬಿಟ್ಟೆ. ಅಪ್ಪಿ ಅತ್ತೆಗೆ ನನ್ನ ನಮಸ್ಕಾರ ಹೇಳು.

ಆದರೆ ಮದ್ದು ಬೇಡವಾದರೆ ಉಳಿದದ್ದನ್ನಾದರೂ ಸರಿಯಾಗಿ ಮಾಡಬೇಕಲ್ಲ? ನೀರು ಸಂಜೆಯೇ ಆಗಬೇಕು ಎಂದು ಬರೆದಿದ್ದೀ, ಯಾಕೆಂದು ಮಾತ್ರ ಬರೆದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದರೆ ಹೇಗೆ? ರಾತ್ರಿಯಿಡೀ ಒದ್ದೆಯಾಗಿರುವ ಎಲೆ ಎಂದರೆ ಬೂಷ್ಟಿಗೆ ಹಾಸಿಗೆ ಹಾಸಿ ಕೊಟ್ಟ ಹಾಗೆ. ಬೆಳಿಗ್ಗೆ ಒಂದು ಚೆಂಬು ನೀರು ಬುಡಕ್ಕೆ ಹಾಕಲು ಎಷ್ಟು ಹೊತ್ತು ಬೇಕು? ಎದ್ದ ಕೂಡಲೇ ಹಾಕಿದರೆ ಮುಗಿಯಿತು. ಬೆಳಿಗ್ಗೆ ಏಳಲು ಉದಾಸೀನವಾದರೆ ಅದನ್ನಾದರೂ ಹೇಳು. ನೀನು ಶಾಲೆಗೂ ತಡವಾಗಿಯೇ ಬರುತ್ತಿದ್ದವಳು.

ಚಿವುಟಿದ ಕೈಯಲ್ಲೇ ಒಳ್ಳೆಯ ಗಿಡ ಮುಟ್ಟಬೇಡ. ಗಿಡ ಒದ್ದೆಯಾಗಿರುವಾಗ ಮುಟ್ಟಲೇಬೇಡ. ಮೋಕ್ಷಿತಾ ಎಲೆ ತಿಕ್ಕುತ್ತಾಳೆ ಎಂದು ಬರೆದಿದ್ದೆಯಲ್ಲ, ಅದನ್ನೂ ಸ್ವಲ್ಪ ಸಮಯ ತಪ್ಪಿಸು.

ಇಲ್ಲಿ ಎಲ್ಲರೂ ಕ್ಷೇಮ. ನನ್ನ ತೋಟ ಚೆನ್ನಾಗಿದೆ.

ಮೆರ್ಲಿನ್


ಎಣ್ಮಕಜೆ
4 ಫೆಬ್ರವರಿ 2025

ಮೆರ್ಲಿನ್,

ನಿನ್ನೆ ಮೋಕ್ಷಿತಾಳ ಪೆನ್ಷನ್ ಕಾಗದಕ್ಕೆ ವಿದ್ಯಾನಗರದ ಕಚೇರಿಗೆ ಹೋಗಿದ್ದೆ. ಒಂದು ಮೇಜಿನಿಂದ ಇನ್ನೊಂದಕ್ಕೆ, ಅಲ್ಲಿಂದ ಕೆಳಗಿನ ಮಾಳಿಗೆಗೆ. ಬರುವಾಗ ಬಸ್ಸಿನಲ್ಲಿ ನಿಂತೇ ಬಂದೆ. ಮನೆಗೆ ಬಂದು ನಿನ್ನ ಕಾಗದ ಇನ್ನೊಮ್ಮೆ ಓದಿದೆ. ಉದಾಸೀನ ಎಂದು ಬರೆದಿದ್ದೀ. ಇರಲಿ.

ಕಾಯಿಯ ತೊಟ್ಟಿನ ಹತ್ತಿರವೂ ಕಪ್ಪಾಗಿದೆ. ಮೇಲಿನ ಕೊಂಬೆಯಲ್ಲಿ ನಾಲ್ಕು ಹಸಿರು ಎಲೆ ಬಿಟ್ಟರೆ ಗಿಡವೆಲ್ಲ ಸುಟ್ಟ ಕಾಗದದ ಹಾಗೆ ಕಾಣುತ್ತದೆ. ನೋಡಿದರೆ ನನಗೆ ಅಳು ಬರುತ್ತದೆ. ಇದನ್ನು ಉಳಿಸುವುದು ಆಗುವುದಿಲ್ಲ ಎಂದು ನನಗೂ ಗೊತ್ತಾಗಿದೆ. ಮುಂದೆ ನೆಡುವ ಗಿಡವಾದರೂ ಉಳಿಯಬೇಕಾದರೆ ಎಂತ ಮಾಡಬೇಕು, ಅದನ್ನು ಮಾತ್ರ ಬರೆ. ನೀರಿನ ಸುದ್ದಿ ಬೇಡ.

ಮೋಕ್ಷಿತಾ ಸೌಖ್ಯ.

ಲೋಲಾಕ್ಷಿ


ಮಠ
23 ಫೆಬ್ರವರಿ 2025

ಲೋಲು,

ಸಿಟ್ಟು ಮಾಡಿಕೊಂಡಿದ್ದೀ. ನಿನ್ನ ಅಕ್ಷರ ಚಿಕ್ಕದಾಗಿದೆ, ಶಾಲೆಯಲ್ಲೂ ಸಿಟ್ಟು ಬಂದರೆ ಹಾಗೆಯೇ ಬರೆಯುತ್ತಿದ್ದೆ. ಕ್ಷಮಿಸು. ಇಲ್ಲಿ ದಿನವಿಡೀ ಮಾತಿಲ್ಲದೆ ಇದ್ದು ಇದ್ದು, ಕಾಗದದಲ್ಲಿ ನನ್ನ ನಾಲಗೆ ಉದ್ದವಾಗುತ್ತದೆ.

ಕೇಳಿದ್ದಕ್ಕೆ ಉತ್ತರ ಒಂದೇ. ಇರುವ ಗಿಡಗಳನ್ನೆಲ್ಲ ಬೇರು ಸಮೇತ ಕಿತ್ತು ಸುಡು. ಮೇಲಿನ ನಾಲ್ಕು ಹಸಿರು ಎಲೆ ನೋಡಿ ಮರುಗಬೇಡ, ರೋಗ ಅಲ್ಲಿಯೂ ಇರುತ್ತದೆ. ಬ್ಯಾಗಿನ ಮಣ್ಣು ದೂರ ಚೆಲ್ಲಿ ಹೊಸ ಮಣ್ಣು ತುಂಬು. ಕೋಲುಗಳನ್ನು ತೊಳೆದು ಬಿಸಿಲಿಗೆ ಹಾಕು. ಕೂಡಲೇ ಪುನಃ ಟೊಮೆಟೊ ಬೇಡ. ಬದನೆ, ಮೆಣಸೂ ಬೇಡ, ಅವೆಲ್ಲ ಒಂದೇ ಕುಟುಂಬದವು. ಈ ಸಲ ಅಲಸಂಡೆ ಹಾಕು. ಟೊಮೆಟೊ ಇನ್ನು ಬರುವ ವರ್ಷಕ್ಕೆ.

ನಾಳೆಯೇ ಮಾಡು. ತಡ ಮಾಡಿದಷ್ಟೂ ಹರಡುತ್ತದೆ.

ಮಾರ್ಚ್ ಐದಕ್ಕೆ ಬೂದಿ ಬುಧವಾರ, ತಪಸ್ಸು ಕಾಲ ಶುರು. ಆಮೇಲೆ ಈಸ್ಟರ್ ಕಳೆಯುವವರೆಗೆ ನಾನಿಲ್ಲ ಎಂದು ತಿಳಿದುಕೋ.

ಮೆರ್ಲಿನ್


ಎಣ್ಮಕಜೆ
8 ಮಾರ್ಚ್ 2025

ಮೆರ್ಲಿನ್,

ಇದು ನಿನಗೆ ಈಗ ಸಿಗುವುದಿಲ್ಲ ಎಂದು ಗೊತ್ತುಂಟು. ಆದರೂ ಮದರ್ ಮನಸ್ಸು ಮಾಡಿ ಕೊಟ್ಟರೆ ಎಂದು ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಬರೆಯಲಿ?

ನೀನು ಹೇಳಿದ ಹಾಗೆ ಮಾಡಿದೆ. ಮೋಕ್ಷಿತಾ ಮಲಗಿದ್ದಾಗ ಬೆಳಿಗ್ಗೆಯೇ ಎಲ್ಲ ಕಿತ್ತು, ಬಚ್ಚಲಿನ ಹಿಂದೆ ರಾಶಿ ಹಾಕಿ ಬೆಂಕಿ ಕೊಟ್ಟೆ. ಮಣ್ಣು ಚೆಲ್ಲಿದೆ. ಅಂಗಳ ಗುಡಿಸಿದೆ.

ಈಗ ನಿನಗೆ ಹೇಳದ್ದನ್ನು ಹೇಳುತ್ತೇನೆ. ನೀರು ಹಾಕುತ್ತಿದ್ದದ್ದು ನಾನಲ್ಲ, ಮೋಕ್ಷಿತಾ. ಮಧ್ಯಾಹ್ನ ಎಚ್ಚರವಾದರೂ ಅವಳು ಅಂಗಳಕ್ಕೆ ಬರುವುದು ಸಂಜೆಯೇ. ಕೈ ನಡುಗುತ್ತದೆ, ಬಗ್ಗಲು ಆಗುವುದಿಲ್ಲ, ಹಾಗಾಗಿ ನಿಂತುಕೊಂಡು ಎರಡೂ ಕೈಯಲ್ಲಿ ಚೆಂಬು ಹಿಡಿದು ಗಿಡದ ತಲೆಯ ಮೇಲೆ ಹೊಯ್ಯುತ್ತಾಳೆ. ನೀರು ಬಿದ್ದಾಗ ಎಲೆ ಅಲ್ಲಾಡುತ್ತದೆ, ವಾಸನೆ ಬರುತ್ತದೆ, ಅವಳು ಬಾಯಿ ತೆರೆದು ನಗುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ಅವಳು ತಾನಾಗಿ ಮಾಡಿದ ಕೆಲಸ ಅದೊಂದೇ. ಗಿಡಕ್ಕೆ ರೋಗ ಬರುತ್ತಿದ್ದದ್ದು ಅದರಿಂದ ಎಂದು ನಿನ್ನ ಮೊದಲ ಕಾಗದದಲ್ಲೇ ನನಗೆ ಗೊತ್ತಾಯಿತು. ಹೇಳಿದರೆ ನೀನು, ಅವಳ ಕೈಯಿಂದ ಚೆಂಬು ತೆಗೆ ಎನ್ನುತ್ತೀ. ಅದನ್ನು ನಿನ್ನ ಅಕ್ಷರದಲ್ಲಿ ಓದುವುದು ನನಗೆ ಬೇಡವಾಗಿತ್ತು. ಚೆಂಬೂ ಇರಬೇಕು, ಗಿಡವೂ ಉಳಿಯಬೇಕು ಎಂಬ ಆಸೆ ನನ್ನದು.

ಗಿಡ ಕಿತ್ತ ಸಂಜೆ ಎದ್ದು ಬಂದಳು. ಚೆಂಬು ಹಿಡಿದು ಖಾಲಿ ಅಂಗಳ ನೋಡಿದಳು. ಗಿಡವಿದ್ದ ಜಾಗಕ್ಕೇ ನೀರು ಹೊಯ್ದು ಕಾದಳು. ಆಮೇಲೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಅಲ್ಲಿಂದ ಎದ್ದಿಲ್ಲ. ಗಂಜಿ ಬಾಯಿಗಿಟ್ಟರೆ ಉಗುಳುತ್ತಾಳೆ.

ಎಂತ ಮಾಡಲಿ ಹೇಳು.

ಲೋಲು


ಆಸ್ಪತ್ರೆ
22 ಮಾರ್ಚ್ 2025

ಮೆರ್ಲಿನ್,

ಗಂಜಿಯ ಜೊತೆ ಮಾತ್ರೆಯನ್ನೂ ಉಗುಳಿದಳು. ಫಿಟ್ಸ್ ಬಂತು, ಬಿಟ್ಟು ಪುನಃ ಬಂತು. ಆಸ್ಪತ್ರೆಯಲ್ಲಿ ಮೂಗಿನಿಂದ ನಳಿಗೆ ಹಾಕಿದ್ದಾರೆ. ಡಾಕ್ಟರ್ ಒಳ್ಳೆಯವರು, "ಮನೆಯಲ್ಲಿ ಎಂತಾದರೂ ಬದಲಾವಣೆ ಆಗಿದೆಯಾ?" ಎಂದು ಕೇಳಿದರು. ಟೊಮೆಟೊ ಗಿಡ ಕಿತ್ತೆ ಎಂದು ಹೇಳಲು ನಾಚಿಕೆಯಾಯಿತು, ಇಲ್ಲ ಎಂದೆ.

ನಮ್ಮವರು ಕೆಲಸ ಬಿಟ್ಟು ಬಂದು ಕೂತಿದ್ದಾರೆ.

ನಿನ್ನ ಮೇಲೆ ನನಗೆ ತುಂಬ ಸಿಟ್ಟು ಉಂಟು. ನೀನು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ, ಅದಕ್ಕೇ ಸಿಟ್ಟು. ಇಷ್ಟು ಹೊತ್ತಿಗೆ ನಿನ್ನ ಒಂದು ಗೆರೆ ಬರಬೇಕಿತ್ತು.

ಲೋಲಾಕ್ಷಿ


ಎಣ್ಮಕಜೆ
12 ಏಪ್ರಿಲ್ 2025

ಮೆರ್ಲಿನ್,

ಮನೆಗೆ ಬಂದಿದ್ದೇವೆ. ನಳಿಗೆ ತೆಗೆದರು. ಸಪೂರವಾಗಿದ್ದಾಳೆ, ಎತ್ತಿ ಕೂರಿಸಲು ನಾನೊಬ್ಬಳೇ ಸಾಕು.

ಬಂದ ಮೇಲೆ ಬಸಳೆಯ ಬಳ್ಳಿ ತಂದಿಟ್ಟೆ, ನೀನು ಹೇಳಿದ ಅಲಸಂಡೆಯನ್ನೂ ಹಾಕಿದೆ. ಕಣ್ಣು ಮುಚ್ಚಿದಳು. ಕೃಷಿ ಭವನಕ್ಕೆ ಹೋದರೆ ಟೊಮೆಟೊ ಸಸಿ ಈಗ ಇಲ್ಲ ಎಂದರು. ಬೀಜ ಹಾಕಿದೆ, ಅದು ಮೇಲೆ ಬರಲು ಸಮಯ ಬೇಕು. ಅಷ್ಟರವರೆಗೆ ಇವಳು?

ಮೊನ್ನೆ ಅಪ್ಪಿ ಅತ್ತೆ ಯಾರಿಗೂ ಹೇಳದೆ ಕೋಲೂರಿಕೊಂಡು ವೆಂಕಟಕೃಷ್ಣಣ್ಣನ ಮನೆಗೆ ಹೋದರು. ಪಂಪಿನ ದಿನದಿಂದ ಅವರಲ್ಲಿ ಮಾತಿರಲಿಲ್ಲ. ಅವರ ಹಿತ್ತಲಲ್ಲಿ ಬಿಸಾಡಲು ಇಟ್ಟಿದ್ದ ಒಂದು ಟೊಮೆಟೊ ಗಿಡ ಇತ್ತಂತೆ, ಹಳೆ ಬಕೆಟಿನಲ್ಲಿ. ಬಾಯಿಬಿಟ್ಟು ಕೇಳಿ, ಅವರ ಕೈಯಲ್ಲೇ ಹೊರಿಸಿಕೊಂಡು ಬಂದರು. ನೋಡಿದೆ. ಅಯ್ಯೋ ದೇವರೇ, ಬುಡದಿಂದ ತುದಿಯವರೆಗೆ ಚುಕ್ಕೆ, ಅರ್ಧ ಎಲೆ ಒಣಗಿ ನೇತಾಡುತ್ತದೆ. ನಾನು ಬೊಬ್ಬೆ ಹಾಕಿದೆ. "ಈ ರೋಗವನ್ನು ಯಾಕೆ ಮನೆಗೆ ತಂದಿರಿ? ಬೀಜ ಹಾಕಿದ್ದೇನಲ್ಲ, ಅದಕ್ಕೂ ಹತ್ತುತ್ತದೆ, ಹೊರಗೆ ಹಾಕಿ!"

ಅತ್ತೆ ಜಗಲಿಯಲ್ಲಿ ಕೂತು ಉಸಿರು ಸುಧಾರಿಸಿಕೊಂಡರು. "ಕಾಯಿಲೆ ಬಂದದ್ದನ್ನೆಲ್ಲ ಹೊರಗೆ ಹಾಕುವುದಾದರೆ ಈ ಮನೆಯಲ್ಲಿ ಯಾರು ಉಳಿಯುತ್ತೇವೆ ಮಗಳೇ?" ಎಂದರು. ವೆಂಕಟಕೃಷ್ಣಣ್ಣ ಬಕೆಟನ್ನು ಪುನಃ ಎತ್ತಿಕೊಂಡರು.

ಬಕೆಟನ್ನು ಮೋಕ್ಷಿತಾಳ ಕಿಟಕಿಯ ಹೊರಗೆ ಇಟ್ಟೆವು. ಗಾಳಿಗೆ ವಾಸನೆ ಹೋಗಿರಬೇಕು. ಗೋಡೆ ಕಡೆ ಇದ್ದ ಮುಖ ಈ ಕಡೆ ತಿರುಗಿತು. ಮರುದಿನ ಸಂಜೆ ನನ್ನ ಹೆಗಲು ಹಿಡಿದು ಹೊರಗೆ ಬಂದಳು. ಚೆಂಬು ಎತ್ತುವ ಶಕ್ತಿ ಇರಲಿಲ್ಲ, ನಾನು ಕೆಳಗಿನಿಂದ ಹಿಡಿದುಕೊಂಡೆ. ತಲೆಯ ಮೇಲೆಯೇ ಹೊಯ್ದಳು. ಒಣಗಿದ ಎಲೆಗಳೂ ಅಲ್ಲಾಡಿದವು. ನಕ್ಕಳು, ಮೆರ್ಲಿನ್. ಬಾಯಿ ತೆರೆದು, ಶಬ್ದ ಮಾಡಿ ನಕ್ಕಳು. ನಾನು ಅಲ್ಲಿಯೇ ಕೂತು ಅತ್ತುಬಿಟ್ಟೆ.

ಒಳ್ಳೆಯ ಗಿಡ, ರೋಗದ ಗಿಡ ಎಂಬುದೆಲ್ಲ ನನಗೆ ಮತ್ತು ನಿನಗೆ. ಅವಳಿಗೆ ಹಾಗಿಲ್ಲ. ಹೋದ ಸಲವೂ ಗಿಡ ಸಂಪೂರ್ಣ ಸಾಯುವ ಮೊದಲೇ ಕಿತ್ತು ಬಿಸಾಡಿದವಳು ನಾನೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನ ಕತೆ ಅದು. ಗಂಜಿ ಕುಡಿದಿದ್ದಾಳೆ. ನನಗೆ ನಿದ್ದೆ ಬರುತ್ತಿದೆ, ಇಷ್ಟು ಸಾಕು.

ಲೋಲು


ಮಠ
21 ಏಪ್ರಿಲ್ 2025, ಈಸ್ಟರ್ ಮರುದಿನ

ನನ್ನ ಲೋಲು,

ಬೆಳಿಗ್ಗೆ ಮದರ್ ಮೂರೂ ಕಾಗದ ಒಟ್ಟಿಗೆ ಕೊಟ್ಟರು. ತೋಟದಲ್ಲಿ ಕೂತು ಓದಿದೆ. ಊಟದ ಗಂಟೆಗೆ ಹೋಗಲಿಲ್ಲ, ಯಾರೂ ಕರೆಯಲಿಲ್ಲ.

ಒಂದು ಸಂಗತಿ ನಿನಗೆ ಹೇಳಲೇಬೇಕು, ಆಮೇಲೆ ನೀನು ಬೈದರೆ ಬೈ. ಮಾರ್ಚಿನಲ್ಲೇ ಮದರ್ ನನ್ನನ್ನು ಕರೆದು, "ನಿನ್ನ ಗೆಳತಿಯ ಕಾಗದ ಬಂದಿದೆ. ಈ ಕಾಲದಲ್ಲಿ ಆಕೆ ಎಂದೂ ಬರೆದದ್ದಿಲ್ಲ. ತುರ್ತು ಇರಬಹುದು, ಬೇಕಾದರೆ ಓದು" ಎಂದಿದ್ದರು. ಬೇಡ ಮದರ್ ಎಂದೆ. ಎರಡನೆಯದು ಬಂದಾಗಲೂ ಕೇಳಿದರು. ಆಗಲೂ ಬೇಡ ಎಂದೆ. ತಪಸ್ಸು ಕಾಲದಲ್ಲಿ ಎಲ್ಲರೂ ಏನಾದರೂ ಬಿಡುತ್ತಾರೆ, ಸಕ್ಕರೆಯೋ, ಚಹಾವೋ. ನನಗೆ ಅವು ಯಾವುದೂ ಕಷ್ಟವಲ್ಲ. ನಿನ್ನ ಕಾಗದ ಓದದೆ ಇರುವುದೇ ಕಷ್ಟ, ಹಾಗಾಗಿ ಅದನ್ನೇ ದೇವರಿಗೆ ಕೊಟ್ಟೆ. ಎಷ್ಟು ಕಷ್ಟವಾಗುತ್ತಿತ್ತೋ ಅಷ್ಟು ಒಳ್ಳೆಯ ತಪಸ್ಸು ಎಂದು ಒಳಗೊಳಗೇ ಹೆಮ್ಮೆ ಪಟ್ಟೆ. ಅಲ್ಲಿ ನಿನ್ನ ಮಗಳು ಆಸ್ಪತ್ರೆಯಲ್ಲಿದ್ದಳು. ದೇವರಿಗೆ ಕೊಡಲು ಆ ಕಾಗದ ನನ್ನದಾಗಿರಲಿಲ್ಲ ಲೋಲು, ನಿನ್ನದು. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಓದಿದ್ದರೆ ಉತ್ತರ ಎಂತ ಬರೆಯುತ್ತಿದ್ದೆನೋ, ಅದೂ ಗೊತ್ತಿಲ್ಲ. ಚೆಂಬು ತೆಗೆ ಎಂದೇ ಬರೆಯುತ್ತಿದ್ದೆನೇನೋ. ನೀನು ಹೆದರಿದ್ದರಲ್ಲಿ ತಪ್ಪಿಲ್ಲ.

ನನ್ನ ತೋಟ ಚೆನ್ನಾಗಿದೆ ಎಂದು ಬರೆಯುತ್ತಿದ್ದೆನಲ್ಲ, ಅದು ಸುಳ್ಳು. ಅರ್ಧ ಏನೂ ಬೆಳೆಯದೆ ಹಡಿಲು ಬಿದ್ದಿದೆ. ಹಿರಿಯ ಸಿಸ್ಟರುಗಳು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು, ಹೊಸಬರು ಯಾರೂ ಬರುವುದಿಲ್ಲ. ಅವರನ್ನು ಎತ್ತುವುದು, ತೊಳೆಸುವುದು, ಉಣಿಸುವುದು ನನ್ನ ಪಾಲಿಗೆ. ಉಣಿಸಿದ್ದನ್ನು ಉಗುಳಿದರೆ ಹೇಗಾಗುತ್ತದೆ ಎಂದು ನನಗೂ ಗೊತ್ತು. ನನಗೂ ಸುಸ್ತಾಗಿದೆ. ನಿನ್ನ ಸುಸ್ತಿನ ಮುಂದೆ ನನ್ನದು ಎಂತ ಎಂದು ಬರೆಯಲಿಲ್ಲ. ಬರೆದಿದ್ದರೆ ನೀನೂ ಬರೆಯುತ್ತಿದ್ದೆಯೋ ಏನೋ.

ಇನ್ನು ಗಿಡದ ಸುದ್ದಿ. ಅವಳೇ ನೀರು ಹಾಕಲಿ, ತಲೆಯ ಮೇಲೆಯೇ ಹಾಕಲಿ. ಆದರೆ ಸಂಜೆಯವರೆಗೆ ಕಾಯದೆ, ಎಚ್ಚರವಾಗಿ ಊಟ ಆದ ಕೂಡಲೇ ಬಿಸಿಲಿರುವಾಗ ಹಾಕಬಹುದಾ ನೋಡು. ಬಿಸಿಲಲ್ಲಿ ನೀರು ಬಿದ್ದರೆ ಎಲೆ ಸುಡುತ್ತದೆ ಎನ್ನುತ್ತಾರೆ, ಹಾಗೇನೂ ಇಲ್ಲ. ಕತ್ತಲಾಗುವ ಮೊದಲು ಎಲೆ ಒಣಗಿದರೆ ರೋಗ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಆಗಾಗ ಬೀಜ ಹಾಕುತ್ತಾ ಇರು. ಒಂದು ಗಿಡ ಹೋಗುವ ಹೊತ್ತಿಗೆ ಇನ್ನೊಂದು ಏಳಲಿ. ಹಳೆಯದನ್ನು ತೆಗೆಯುವುದಾದರೆ ಹೊಸದನ್ನು ಪಕ್ಕದಲ್ಲಿ ಇಟ್ಟ ಮೇಲೆಯೇ ತೆಗೆ.

ಮದರ್ ಹತ್ತಿರ ಮಾತಾಡಿದ್ದೇನೆ. ಇನ್ನು ಯಾವ ಕಾಲದಲ್ಲಿ ಬರೆದರೂ ನಿನ್ನ ಕಾಗದ ಓದುತ್ತೇನೆ.

ನಿನ್ನ
ಮೆರ್ಲಿನ್


ಎಣ್ಮಕಜೆ
4 ಜೂನ್ 2025

ಪ್ರೀತಿಯ ಮೆರ್ಲಿನ್,

ಉತ್ತರ ತಡವಾಯಿತು. ಬೇಕೆಂದೇ ತಡ ಮಾಡಿದೆ. ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಬೇಕೆಂದು ಕೂತರೆ ಅದು ಸುಳ್ಳಾಗುತ್ತಿತ್ತು. ಈಗ ಹೆಚ್ಚು ಇಲ್ಲ. ಸಿಟ್ಟು ಇಟ್ಟುಕೊಳ್ಳಲಿಕ್ಕೂ ಶಕ್ತಿ ಬೇಕು ಮಾರಾಯ್ತಿ.

ನಿನ್ನ ಮಧ್ಯಾಹ್ನದ ಉಪಾಯ ನಡೆಯಿತು. ಊಟ ಮಾಡಿಸಿ ಕೈಗೆ ಚೆಂಬು ಕೊಟ್ಟರೆ ಆಗುತ್ತಿತ್ತು. ಬೀಜದ ಗಿಡಗಳು ಎದ್ದವು, ಚುಕ್ಕೆ ಸ್ವಲ್ಪವೇ ಇತ್ತು, ಇವಳು ಮಲಗಿದ ಮೇಲೆ ನಾನು ಹೋಗಿ ಆ ಎಲೆಗಳನ್ನು ಚಿವುಟಿ ಬರುತ್ತಿದ್ದೆ. ಚೆನ್ನಾಗಿಯೇ ಹೋಗುತ್ತಿತ್ತು. ಅಷ್ಟರಲ್ಲಿ ಮಳೆ ಬಂತು. ಈ ವರ್ಷ ಮೊದಲೇ ಬಂತು, ಬಂದದ್ದು ನಿಲ್ಲಲಿಲ್ಲ. ಈಗ ಎಲೆ ಒಣಗುವ ಮಾತೇ ಇಲ್ಲ. ಬ್ಯಾಗುಗಳನ್ನು ಮನೆಯ ಮಾಡಿನ ಕೆಳಗೆ ಎಳೆದಿಟ್ಟಿದ್ದೇನೆ, ಆದರೂ ಎರಚಲು ಬಡಿಯುತ್ತದೆ. ನಡುವಿನವರೆಗೆ ಹಳದಿಯಾಗಿದೆ. ಈ ತಿಂಗಳು ದಾಟುವುದಿಲ್ಲ. ಒಲೆಯ ಪಕ್ಕದಲ್ಲಿ ತೆಂಗಿನ ಗೆರಟೆಗಳಲ್ಲಿ ಬೇರೆ ಸಸಿ ಎಬ್ಬಿಸಿದ್ದೇನೆ, ಅವು ಬೆಚ್ಚಗಿವೆ.

ಮೋಕ್ಷಿತಾ ದಿನಾ ಏಳುತ್ತಾಳೆ. ಹೊರಗೆ ಧೋ ಎಂದು ಮಳೆ, ಇವಳು ಮಾಡಿನ ಕೆಳಗೆ ನಿಂತು ಚೆಂಬಿನಲ್ಲಿ ಗಿಡಕ್ಕೆ ನೀರು ಹೊಯ್ಯುತ್ತಾಳೆ. ಅಪ್ಪಿ ಅತ್ತೆ ನೋಡಿ, "ದೇವರು ಹಾಕಿದ್ದು ಸಾಲಲಿಲ್ಲವಂತೆ" ಎಂದು ನಗುತ್ತಾರೆ. ವೆಂಕಟಕೃಷ್ಣಣ್ಣ ಹಳೆ ಶೀಟು ಎರಡು ತಂದು ಎರಚಲು ತಡೆಯಲು ಕಟ್ಟಿ ಕೊಟ್ಟರು. ಅವಳ ಮೈ ಸ್ವಲ್ಪ ತುಂಬಿಕೊಂಡಿದೆ, ನಾನೊಬ್ಬಳೇ ಎತ್ತಲು ಈಗ ಆಗುವುದಿಲ್ಲ.

ನೀನು ಮುದುಕಿಯರನ್ನು ಎತ್ತುವಾಗ ಸೊಂಟಕ್ಕೆ ಬಟ್ಟೆ ಬಿಗಿದು ಕಟ್ಟು. ನನಗೆ ಆಸ್ಪತ್ರೆಯಲ್ಲಿ ನರ್ಸ್ ಹೇಳಿಕೊಟ್ಟದ್ದು. ಸುಸ್ತಾದರೆ ಸುಸ್ತು ಎಂದೇ ಬರೆ, ತೋಟ ಚೆನ್ನಾಗಿದೆ ಎಂದು ಬರೆಯಬೇಡ.

ಮೊನ್ನೆ ಒಂದು ಗಿಡದಲ್ಲಿ ಒಂದೇ ಒಂದು ಕಾಯಿ ಕಂಡಿತು. ಇಷ್ಟೆಲ್ಲ ಆಗಿ ಮೊದಲನೆಯ ಒಳ್ಳೆಯ ಕಾಯಿ, ಒಂದು ಚುಕ್ಕೆ ಇರಲಿಲ್ಲ. ಎಲ್ಲರೂ ಹೋಗಿ ನೋಡಿ ಬಂದೆವು. ಇವತ್ತು ಮೋಕ್ಷಿತಾ ತುಂಬಿದ ಚೆಂಬನ್ನು ಎತ್ತಿ ಒಂದೇ ಸಲಕ್ಕೆ ಹೊಯ್ದಳು, ಕಾಯಿ ಕಳಚಿ ಕೆಸರಿಗೆ ಬಿತ್ತು. ಅವಳು ನನ್ನ ಮುಖ ನೋಡಿದಳು. ನಾನು ಇನ್ನೊಂದು ಚೆಂಬು ತುಂಬಿಸಿ ಕೊಟ್ಟೆ. ಟೊಮೆಟೊ ಪೆರ್ಲದ ಅಂಗಡಿಯಲ್ಲಿ ಸಿಗುತ್ತದೆ, ಮೆರ್ಲಿನ್.

ನಿನ್ನ
ಲೋಲು